ಮಿಷಿನ್ನಿನೊಳಗಿನ ಆಷಾಢ

ಬಾಬಾಜಾನನ ಗ್ರಹಚಾರ ದುಬೈಯಿಂದ ವಿಮಾನದಲ್ಲಿ ಬಂತು. ನೋಡಲು ಅಂಗೈಯಗಲ, ಬಣ್ಣ ಕಪ್ಪು, ಮುಚ್ಚಳ ತೆಗೆದರೆ ಕಡಲೆಕಾಳಿನಷ್ಟು ಗುಂಡಿಗಳು. ಹೆಸರು ಡಿಜಿಟಲ್ ಡೈರಿ. ತಂದವನು ಜಂಗಮಕೋಟೆಯ ಚಾಕಿ ಕೇಂದ್ರದ ಯಜಮಾನರಾದ ಮುನಿನಾರಾಯಣಪ್ಪನವರ ಅಳಿಯ. ಯಜಮಾನರು ಒಂದು ವಾರ ಅದನ್ನು ಜುಬ್ಬದ ಜೇಬಿನಲ್ಲಿಟ್ಟುಕೊಂಡು ಊರಿಗೆಲ್ಲ ತೋರಿಸಿದರು. ಆಮೇಲೆ ಗುಂಡಿ ಒತ್ತಲು ಬಾರದೆ, ತೊಂಬತ್ತೈದರ ಜೂನ್ ನಡುವಿನಲ್ಲಿ ಗುಮಾಸ್ತ ಬಾಬಾಜಾನನ ಮೇಜಿನ ಮೇಲಿಟ್ಟರು.

"ಇನ್ಮೇಲೆ ಆ ಹರಕಲು ನೋಟ್‌ಬುಕ್ ಬೇಡ ಕಣಯ್ಯ. ಯಾರಿಗೆ ಯಾವತ್ತು ಹುಳ ಕೊಡಬೇಕೋ ಎಲ್ಲ ಇದರಾಗೆ ಹಾಕು. ಅವತ್ತು ಬೆಳಿಗ್ಗೆ ಅದೇ ಕೂಗಿ ಹೇಳುತ್ತಂತೆ."

ಚಾಕಿ ಕೇಂದ್ರವೆಂದರೆ ರೇಷ್ಮೆ ಹುಳಗಳ ಬಾಲವಾಡಿ. ಮೊಟ್ಟೆಯೊಡೆದ ಹುಳಗಳನ್ನು ಎಳೆ ಸೊಪ್ಪು ಹಾಕಿ ಎರಡನೇ ಜ್ವರ ಏಳುವ ತನಕ ಸಾಕಿ, ಆ ದಿನವೇ ರೈತರ ಮನೆಗೆ ದಾಟಿಸಬೇಕು. ಜ್ವರವೆಂದರೆ ಕಾಯಿಲೆಯಲ್ಲ, ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಒಂದು ದಿನ ನಿದ್ದೆ ಹೊಡೆದು ಹಳೆಯ ಚರ್ಮ ಕಳಚುವುದು. ಎದ್ದ ಮೇಲೆ ಅದಕ್ಕೆ ಬರುವ ಹಸಿವಿದೆಯಲ್ಲ, ಅದರ ಮುಂದೆ ಮದುವೆ ಮನೆಯ ಕೊನೇ ಪಂಕ್ತಿಯವರ ಹಸಿವು ಏನೂ ಅಲ್ಲ. ರೈತನ ಮನೆಯಲ್ಲಿ ಆ ಹೊತ್ತಿಗೆ ಸೊಪ್ಪು ಸಿದ್ಧವಿರಬೇಕು. ದಿನ ತಪ್ಪಿದರೆ ಹುಳ ಸಾಯುತ್ತದೆ.

ತೊಂದರೆಯೆಂದರೆ, ಅಲ್ಲಿನ ರೈತರು ಯಾರೂ ತಾರೀಖು ಹೇಳಿ ಹುಳ ಕೇಳುವವರಲ್ಲ. ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಎನ್ನುತ್ತಾರೆ, ಅಮಾವಾಸ್ಯೆ ಕಳೆದ ಮಂಗಳವಾರ ಎನ್ನುತ್ತಾರೆ. ಅದನ್ನೆಲ್ಲ ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖಿಗೆ ಇಳಿಸುವುದು ಬಾಬಾಜಾನನ ಕೆಲಸ. ಇಳಿಸಿದ್ದನ್ನು ಎಲ್ಲರಂತೆ ಅವನೂ ಮೊದಲು ದಿನ, ಆಮೇಲೆ ತಿಂಗಳು ಎಂದು ಒತ್ತಿದ. ಮಿಷಿನ್ನು ಕೆಲವನ್ನು ಸುಮ್ಮನೆ ನುಂಗಿತು. ಹದಿನೈದು-ಏಳು ಎಂದು ಒತ್ತಿದರೆ ಮಾತ್ರ ಕೀಂಯ್ ಎಂದು ಕಿರುಚಿತು. ತಿರುಗಿಸಿ ಏಳು-ಹದಿನೈದು ಎಂದು ಒತ್ತಿದ. ತಣ್ಣಗಾಯಿತು. ಕಿರುಚಿದರೆ ತಿರುಗಿಸುವುದು, ಕಿರುಚದಿದ್ದರೆ ಹಾಗೇ ಬಿಡುವುದು ಎಂದು ಅವನು ತಾನೇ ಒಂದು ಕಾನೂನು ಮಾಡಿಕೊಂಡ. ಆ ಪರದೇಶದ ಮಿಷಿನ್ನಿಗೆ ತಿಂಗಳೇ ಮೊದಲು, ದಿನ ಆಮೇಲೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳುವ ಪುಸ್ತಕವೊಂದು ಜೊತೆಯಲ್ಲಿ ಬಂದಿತ್ತು. ಬೆಲೆಬಾಳುವ ವಸ್ತುವೆಂದು ಯಜಮಾನರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಜೂನ್ ಮುಗಿಯುವ ತನಕ ಏನೂ ಆಗಲಿಲ್ಲ. ಆಗ ಇದ್ದ ತಾರೀಖುಗಳೆಲ್ಲ ಹದಿನೈದರ ಮೇಲಿನವು. ಮಿಷಿನ್ನು ಕಿರುಚಿ ಕಿರುಚಿ ಸರಿ ಮಾಡಿಸಿಕೊಂಡಿತ್ತು. ಜುಲೈ ಮೊದಲ ವಾರ ಕೊಡುವ ಹುಳವಿರಲಿಲ್ಲ. ಎಂಟನೇ ತಾರೀಖು ಶನಿವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮಿಷಿನ್ನು ಕೂಗಿತು. ಪರದೆಯ ಮೇಲೆ ಬಂದ ಹೆಸರು ಕೋನಪ್ಪ, ಇನ್ನೂರು ಮೊಟ್ಟೆ. ಇನ್ನೂರು ಮೊಟ್ಟೆಯೆಂದರೆ ಇನ್ನೂರು ಚಿಟ್ಟೆ ಇಟ್ಟ ಮೊಟ್ಟೆಯ ಲೆಕ್ಕ. ಹುಳ ಎಣಿಸಿದರೆ ಎಂಬತ್ತು ಸಾವಿರಕ್ಕೆ ಕಡಿಮೆಯಿಲ್ಲ.

"ಎದ್ದವೆ ಕಣಣ್ಣ ಎಲ್ಲ," ಎಂದಳು ಕೇಂದ್ರದಲ್ಲಿ ಸೊಪ್ಪು ಹೆಚ್ಚುವ ಅಮ್ಮಾಜಮ್ಮ, ತಟ್ಟೆಗಳನ್ನು ಆಟೋಗೆ ಏರಿಸುತ್ತ. "ಒಂದು ಸಲಕ್ಕಾಗೋಷ್ಟು ಸೊಪ್ಪು ಹಾಕಿ ಕಳಿಸ್ತಾ ಇವ್ನಿ. ಮಧ್ಯಾಹ್ನ ಹನ್ನೆರಡು ಗಂಟೆ ಒಳಗೆ ಇನ್ನೊಂದು ಸಲ ಬೀಳಬೇಕು. ಬೀಳಲಿಲ್ಲ ಅಂದ್ರೆ ನನ್ನ ಕೇಳಬೇಡ."

ವರಾಂಡದಲ್ಲಿ ಕುಳಿತಿದ್ದ ಯಜಮಾನರು ಪೇಪರ್ ಕೆಳಗಿಳಿಸಿದರು.

"ಲೋ ಬಾಬಾಜಾನ್, ಯುಗಾದಿ ಟೈಮಲ್ಲಿ ಏನ್ ಹೇಳಿದ್ದೆ? ಗೆಪ್ತಿ ಐತಾ?"

"ಐತೆ ಯಜಮಾನ್ರೇ."

"ಇನ್ನೊಂದ್ಸಲ ತಾರೀಖು ತಪ್ಪಿ ಒಂದೇ ಒಂದು ತಟ್ಟೆ ಹುಳ ಸತ್ರೂ ನೀನು ಈ ಗೇಟಿನಾಚೆ. ಹನ್ನೊಂದು ವರ್ಷದಿಂದ ಇದೀಯ ಅಂತ ನೋಡಲ್ಲ."

ಬಾಬಾಜಾನನಿಗೆ ಮೂರು ಜನ ಹೆಣ್ಣುಮಕ್ಕಳು. ಹೆಂಡತಿ ಗುಲ್ಷನ್ ದಿನಾ ನಮಾಜು ಮುಗಿಸಿ ಕೇಳಿಕೊಳ್ಳುತ್ತಿದ್ದದ್ದು ಒಂದೇ: ಗಂಡನ ತಲೆ ನೆಟ್ಟಗಿರಲಿ, ಕೆಲಸ ಉಳಿಯಲಿ. ಅವನು ಮಿಷಿನ್ನನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಲಗೇಜ್ ಆಟೋ ಹತ್ತಿದ. ಓಡಿಸುವವನು ಅಮಾನುಲ್ಲಾ. ಅವನಿಗೆ ಹುಳ ಕಂಡರೆ ಮೈ ಜುಮ್ಮೆನ್ನುತ್ತಿತ್ತು, ಹಾಗಾಗಿ ಹಿಂದಕ್ಕೆ ತಿರುಗದೆ ಓಡಿಸುತ್ತಿದ್ದ.

ಕೋನಪ್ಪನ ಮನೆ ಎರಡು ಮೈಲಿ ದೂರ. ಆಟೋ ನಿಂತಾಗ ಕೋನಪ್ಪ ಹುಳದ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿತ್ತು. ನೆಲದ ಮೇಲೆ ಚೆಲ್ಲಿದ ಬ್ಲೀಚಿಂಗ್ ಪುಡಿಯ ಘಾಟು ರಸ್ತೆಗೇ ಬಡಿಯುತ್ತಿತ್ತು.

"ಏಮಪ್ಪಾ ಇದಿ? ಏನಿದು ತಂದಿದೀಯ?"

"ನಿಮ್ಮ ಹುಳ ಕೋನಪ್ಪಣ್ಣ. ಇನ್ನೂರು ಮೊಟ್ಟೆ. ಎಂಟನೇ ತಾರೀಖು ಅಲ್ವಾ?"

"ಯಾವ ಎಂಟು? ನಾನು ಹೇಳಿದ್ದು ನೂಲು ಹುಣ್ಣಿಮೆಗೆ ಮೂರು ದಿನ ಮುಂಚೆ! ಶ್ರಾವಣದಾಗೆ! ಇದು ಆಷಾಢ ಕಣಯ್ಯ. ಆ ಕಡೆ ತಿರುಗಿ ತೋಟ ನೋಡು ಒಂದು ಕಿತ."

ಬಾಬಾಜಾನ್ ನೋಡಿದ. ಹಿಪ್ಪುನೇರಳೆ ತೋಟವನ್ನು ಬುಡದವರೆಗೆ ಕತ್ತರಿಸಿ ಬಿಟ್ಟಿದ್ದರು. ಎಕರೆಗಟ್ಟಲೆ ಮೋಟು ಕಡ್ಡಿಗಳು ನಿಂತಿದ್ದವು. ಹುಳಕ್ಕಿರಲಿ, ಒಂದು ಮೇಕೆಗೆ ಸಾಲುವಷ್ಟೂ ಸೊಪ್ಪಿರಲಿಲ್ಲ.

"ನೆರಳಿಗಾದ್ರೂ ಒಂದು ಗಂಟೆ ಇಟ್ಕೊಳಣ್ಣ..."

"ಬ್ಲೀಚಿಂಗ್ ಪುಡಿ ಮೇಲೆ ಇಡ್ತೀಯ? ಸಾಯಿಸೋದಾದ್ರೆ ನಿಮ್ಮನೇಲೇ ಸಾಯಿಸು. ನನ್ನ ಮನೆ ಬಾಗಿಲಾಗೆ ಬೇಡ. ಆಷಾಢಕ್ಕೆ ಮಗಳು ಬಂದವಳೆ, ನೋಡಿ ಹೆದರ್ಕೋತಾಳೆ!"

ಗಂಟೆ ಒಂಬತ್ತೂವರೆ. ಎಲ್ಲಿಗೆ ಎಂದು ಅಮಾನುಲ್ಲಾ ಕೇಳಿದ. ಬಾಬಾಜಾನನಿಗೂ ಗೊತ್ತಿರಲಿಲ್ಲ. ಕೇಂದ್ರಕ್ಕೆ ವಾಪಸು ಹೋಗುವಂತಿಲ್ಲ. ಅಲ್ಲಿದ್ದ ಎಳೆ ಸೊಪ್ಪು ಮುಂದಿನ ಸಲದ ಕೂಸು ಹುಳಗಳಿಗೇ ಸಾಲದು. ಮೇಲಾಗಿ ಅಲ್ಲಿ ಯಜಮಾನರು ಕುಳಿತಿದ್ದಾರೆ. ಹಳೆಯ ನೋಟ್‌ಬುಕ್ ನೋಡೋಣವೆಂದರೆ ಅದರ ಹಾಳೆಗಳನ್ನು ಅಮ್ಮಾಜಮ್ಮ ಹರಿದು ತಟ್ಟೆಗಳಿಗೆ ಹಾಸಿದ್ದಳು. ಈಗ ಈ ಹುಳಗಳೇ ಅದರ ಮೇಲೆ ಮಲಗಿ ಎದ್ದಿದ್ದವು.

"ರಹೀಮ್ ಭಾಯ್ ಹತ್ರ ಹೋಗಣ," ಎಂದ ಅಮಾನುಲ್ಲಾ. "ಗಡಿಯಾರ ರಿಪೇರಿ ಮಾಡೋರಿಗೆ ಇದೇನು ಮಹಾ!"

ಅಬ್ದುಲ್ ರಹೀಮನ ಗಡಿಯಾರದಂಗಡಿ ಬಸ್ ನಿಲ್ದಾಣದ ಎದುರಿಗಿತ್ತು. ಅಂಗಡಿಯಲ್ಲಿ ಮೂವತ್ತು ಗಡಿಯಾರಗಳಿದ್ದು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ರಹೀಮ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮಿಷಿನ್ನನ್ನು ತಿರುಗಿಸಿ ನೋಡಿದ, ಮೂಸಿ ನೋಡಿದ, ಕಿವಿಗಿಟ್ಟು ಕೇಳಿದ. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಐದಾರು ಜನ ಬಂದು ಸುತ್ತಲೂ ನಿಂತರು.

"ಸೆಲ್ ತೆಗೆದು ಬಿಸಿಲಿಗಿಡಿ," ಎಂದರು ಒಬ್ಬರು.

"ಸೆಲ್ ತೆಗೆದ್ರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ!" ಎಂದು ಬಾಬಾಜಾನ್ ಕೂಗಿಕೊಂಡ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹತ್ತು ನಿಮಿಷ ಗುಂಡಿಗಳನ್ನು ಕೆದಕಿದ ಮೇಲೆ ರಹೀಮ್ ನಕ್ಕ. "ಸಿಕ್ತು. ನೋಡು, ಇದಕ್ಕೆ ತಿಂಗಳು ಮೊದಲು. ದಿನ ಮೊದಲು ಬರೋ ಹಂಗೆ ಮಾಡಬಹುದು. ಮಾಡಿದೆ. ಈಗ ನೋಡು, ನಿನ್ನ ಹದಿನೈದು-ಏಳು ನೆಟ್ಟಗೆ ಬಂತು. ಸಾಕಲ್ಲ?"

ಬಾಬಾಜಾನನಿಗೆ ಹೋದ ಜೀವ ಬಂದಂತಾಯಿತು. ಕೂಡಲೇ ಆ ದಿನದ ಹೆಸರು ಒತ್ತಿದ. ಪರದೆಯ ಮೇಲೆ ಮತ್ತೆ ಕೋನಪ್ಪ ಬಂದು ಕೂತ.

"ಅರೆ! ಅದೇ ಕೋನಪ್ಪ!"

"ಹಂಗಾದ್ರೆ ಕೋನಪ್ಪ ಸುಳ್ಳು ಹೇಳ್ತಾ ಇದಾನೆ," ಎಂದ ರಹೀಮ್ ಯೋಚನೆಯೇ ಮಾಡದೆ. ಮತ್ತೆ ತಿಂಗಳು ಮೊದಲು ಮಾಡಿದ. ಕೋನಪ್ಪ. ದಿನ ಮೊದಲು ಮಾಡಿದ. ಕೋನಪ್ಪ. ಸುತ್ತ ನಿಂತವರೂ ಕೋನಪ್ಪನದೇ ತಪ್ಪೆಂದು ತೀರ್ಮಾನಿಸಿದರು. ಅವನ ಅಪ್ಪನೂ ಮಾತಿಗೆ ತಪ್ಪುವವನೇ ಆಗಿದ್ದನೆಂದು ಒಬ್ಬರು ಸಾಕ್ಷಿ ನುಡಿದರು.

"ಭಾಯ್, ಹುಳ ಎಲ್ಲ ತಲೆ ಎತ್ತಿ ನನ್ನೇ ನೋಡ್ತಾ ಅವೆ!" ಎಂದು ಆಟೋದಿಂದ ಅಮಾನುಲ್ಲಾ ಕಿರುಚಿದ. ಬೆಳಿಗ್ಗೆ ಹಾಕಿದ್ದ ಸೊಪ್ಪು ಮುಗಿದು ಬರೀ ನರಗಳು ಉಳಿದಿದ್ದವು. ಹತ್ತೂಮುಕ್ಕಾಲಾಗಿತ್ತು. ಬಿಸಿಲು ಏರುತ್ತಿತ್ತು.

ಆಗ ಬಾಬಾಜಾನನ ತಲೆಗೆ ಹೊಳೆಯಿತು. ರಹೀಮ್ ತಿರುಗಿಸಿದ್ದು ತೋರಿಸುವ ರೀತಿಯನ್ನು ಮಾತ್ರ. ಒಳಗೆ ಹಾಕುವಾಗಲೇ ತಲೆಕೆಳಗಾದದ್ದು ತಲೆಕೆಳಗಾಗಿಯೇ ಇದೆ. ಆಗಸ್ಟ್ ಏಳಕ್ಕೆಂದು ತಾನು ಒತ್ತಿದ ಏಳು-ಎಂಟನ್ನು ಅದು ಜುಲೈ ಎಂಟು ಮಾಡಿಕೊಂಡಿದೆ. ಹಾಗಾದರೆ ನಿಜವಾಗಿ ಜುಲೈ ಎಂಟಕ್ಕೆ ಹುಳ ಕೇಳಿದವರು ಯಾರೋ, ಅವರು ಆಗಸ್ಟ್ ಏಳರಲ್ಲಿ ಹೋಗಿ ಕೂತಿರಬೇಕು. ಅವನು ಗುಂಡಿ ಒತ್ತಿ ಒತ್ತಿ ಆಗಸ್ಟ್ ಏಳಕ್ಕೆ ಹೋದ. ಅಲ್ಲಿತ್ತು: ರಾಮಲಕ್ಷ್ಮಮ್ಮ, ಇನ್ನೂರು ಮೊಟ್ಟೆ.

"ಯಾ ಅಲ್ಲಾ! ರಾಮಲಕ್ಷ್ಮಮ್ಮನೋರು!"

"ಯಾವ ರಾಮಲಕ್ಷ್ಮಮ್ಮ? ಕೆರೆ ಕೆಳಗಿನ ಮನೆಯೋಳಾ?" ಎಂದರು ಗುಂಪಿನಲ್ಲೊಬ್ಬರು. "ಈಗ ಇಲ್ಲೇ ನಿಂತಿದ್ಲಲ್ಲಪ್ಪ, ನಿನಗೆ ಶಾಪ ಹಾಕ್ಕೊಂಡು. ಬೆಳಿಗ್ಗೆಯಿಂದ ಸೊಪ್ಪು ಕುಯ್ದಿಟ್ಕೊಂಡು ಕಾದ್ಲಂತೆ, ಹುಳ ಬರ್ಲಿಲ್ಲವಂತೆ. ಶಿಡ್ಲಘಟ್ಟಕ್ಕೆ ಹೋಗಿ ಬೇರೆ ಕಡೆ ಹುಳ ತರ್ತೀನಿ ಅಂದ್ಲು. ಅಗೋ, ಆ ಬಸ್ಸು ಹತ್ತಿದ್ಲು."

ಬಸ್ಸು ಆಗಲೇ ನಿಲ್ದಾಣ ಬಿಟ್ಟಿತ್ತು. ಆಕೆ ಬೇರೆ ಹುಳ ತಂದಳೆಂದರೆ ಈ ಎಂಬತ್ತು ಸಾವಿರಕ್ಕೆ ಭೂಮಿಯ ಮೇಲೆ ಜಾಗವಿಲ್ಲ. ಬಾಬಾಜಾನ್ ಆಟೋಗೆ ಹಾರಿದ. "ಬಿಡು ಬಿಡು, ಹಿಂದೆ ಬಿಡು!"

ತಟ್ಟೆಗಳು ಬೀಳದಂತೆ ಅವನು ಎರಡೂ ಕೈ ಅಗಲಿಸಿ ಹಿಂದೆ ಒರಗಿ ಕೂತ. ಆಟೋ ಹಳ್ಳಕ್ಕೆ ಇಳಿದಾಗಲೆಲ್ಲ ಒಂದಿಷ್ಟು ಹುಳಗಳು ಅವನ ತಲೆಯ ಮೇಲೆ ಉದುರಿದವು. ಅಮಾನುಲ್ಲಾ ಹಾರನ್ ಒತ್ತಿ ಹಿಡಿದ. ಬಸ್ಸಿನ ಡ್ರೈವರ್ ದಾರಿ ಕೇಳುತ್ತಿದ್ದಾರೆಂದು ಬದಿಗೆ ಸರಿದು ಕೈ ತೋರಿಸಿದನೇ ಹೊರತು ನಿಲ್ಲಿಸಲಿಲ್ಲ. ಆಟೋ ಮುಂದೆ ಹೋಗಿ ರಸ್ತೆಗೆ ಅಡ್ಡ ನಿಂತಿತು. ಬಸ್ಸು ಕಿರ್ರೆಂದು ಒಂದು ಮಾರು ದೂರದಲ್ಲಿ ನಿಂತಾಗ ಅಮಾನುಲ್ಲಾ ಕಣ್ಣು ಮುಚ್ಚಿಕೊಂಡಿದ್ದ.

ಬಾಬಾಜಾನ್ ಬಸ್ಸಿಗೆ ಏರಿದ. ಕೂದಲಲ್ಲಿ, ಭುಜದಲ್ಲಿ, ಕಿವಿಯ ಹಿಂದೆ ರೇಷ್ಮೆ ಹುಳಗಳು ಸೊಪ್ಪು ಹುಡುಕುತ್ತಿದ್ದವು. ಮುಂದಿನ ಸೀಟಿನ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು.

"ರಾಮಲಕ್ಷ್ಮಮ್ಮನೋರೇ, ಇಳೀರಿ! ನಿಮ್ಮ ಹುಳ ತಂದಿದೀನಿ!"

ಹಿಂದಿನ ಸೀಟಿನಿಂದ ರಾಮಲಕ್ಷ್ಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಬಂದ್ಯಾ ಮಹಾರಾಯ? ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಅಂತ ಕೈ ಹಿಡಿದು ಹೇಳಿದ್ನಲ್ಲ! ತಲೆ ಮೇಲೆ ಹೊತ್ಕೊಂಡು ತರೋಕೆ ಇಷ್ಟು ಹೊತ್ತಾಯ್ತಾ?"

ದಾರಿಯುದ್ದಕ್ಕೂ ಅವಳು ಬೈದಳು. ಬಾಬಾಜಾನನಿಗೆ ಅದು ಕವ್ವಾಲಿಯಷ್ಟು ಇಂಪಾಗಿ ಕೇಳಿಸಿತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವಳ ಮನೆಯಲ್ಲಿ ಒದ್ದೆ ಗೋಣಿ ಮುಚ್ಚಿಟ್ಟಿದ್ದ ಸೊಪ್ಪನ್ನು ತೆಗೆದು ತಟ್ಟೆಗಳ ಮೇಲೆ ಹರಡಿದರು. ಒಂದು ಗಳಿಗೆಯಲ್ಲಿ ಚರಚರನೆ ಮೇಯುವ ಸದ್ದು ಮನೆ ತುಂಬಿತು. ಬಾಬಾಜಾನ್ ಗೋಡೆಗೊರಗಿ ಕುಳಿತು ಅತ್ತುಬಿಟ್ಟ. ರಾಮಲಕ್ಷ್ಮಮ್ಮ ಬೈಗುಳ ನಿಲ್ಲಿಸಿ ಮಜ್ಜಿಗೆ ಕೊಟ್ಟಳು.

ಬೇರೆಯವನಾಗಿದ್ದರೆ ಅಲ್ಲಿಗೆ ಮನೆಗೆ ಹೋಗಿ ಮಲಗುತ್ತಿದ್ದ. ಬಾಬಾಜಾನನಿಗೆ ಮಿಷಿನ್ನಿನಲ್ಲಿ ಉಳಿದವರ ಚಿಂತೆ. ತೆರೆದು ನೋಡಿದರೆ ಹತ್ತೊಂಬತ್ತು ಹೆಸರುಗಳಲ್ಲಿ ಹನ್ನೊಂದು ತಲೆಕೆಳಗಾಗಿದ್ದವು. ಆಗಸ್ಟಿನವರು ಕೆಲವರು ಕಳೆದುಹೋದ ಮೇ ತಿಂಗಳಿನಲ್ಲಿದ್ದರು, ಕೆಲವರು ಬರುವ ಡಿಸೆಂಬರಿನಲ್ಲಿದ್ದರು. ಎಂಟು-ಎಂಟಕ್ಕೆ ಬರೆಸಿದ್ದ ವೆಂಕಟರವಣಪ್ಪನೊಬ್ಬನೇ ಹೇಗೆ ತಿರುಗಿಸಿದರೂ ಅಲ್ಲೇ ಇದ್ದ. ಇನ್ನೊಂದು ದಿನ ಹೀಗಾದರೆ ಎದೆ ಒಡೆದುಹೋಗುತ್ತದೆಂದು ಬಾಬಾಜಾನನಿಗೆ ಖಾತ್ರಿಯಾಗಿತ್ತು. ಬರೀ ತಿರುಗಿಸಿ ಬಿಡುವ ಧೈರ್ಯವಾಗದೆ, ಎಲ್ಲರನ್ನೂ ಕೇಳಿಯೇ ಹಾಕೋಣವೆಂದು ನಾಲ್ಕು ಗಂಟೆಗೆ ಅವನು ಹಾಲಿನ ಸೊಸೈಟಿಯ ಮುಂದೆ ನಿಂತ. ರೈತರೆಲ್ಲ ಕ್ಯಾನು ಹಿಡಿದು ಬರುವುದು ಅಲ್ಲಿಗೇ.

"ಪೆದ್ದಮ್ಮಾ, ನಿಮ್ಮ ಹುಳ ಯಾವತ್ತು ಅಂದಿದ್ರಿ?" ಎಂದು ಸಾಲಿನ ಮುಂದಿದ್ದ ಮುದುಕಿಯನ್ನು ಕೇಳಿದ.

"ಹಸು ಕರು ಹಾಕಿದ ಮಾರನೇ ವಾರ ಅಂದಿದ್ನಲ್ಲಪ್ಪ."

"ಹಸು ಯಾವತ್ತು ಹಾಕುತ್ತೆ?"

"ಅದನ್ನ ಹಸೂನ ಕೇಳು."

ಸಾಲಿನಲ್ಲಿದ್ದವರೆಲ್ಲ ಪೆದ್ದಮ್ಮನ ಹಸುವಿನ ಮೇಲೆ ಚರ್ಚೆಗಿಳಿದರು. ಹಾಲು ಅಳೆಯುವವನು ಕೆಲಸ ಬಿಟ್ಟು ದಿನ ಎಣಿಸಿದ. ಕೊನೆಗೆ ಆಗಸ್ಟ್ ಹನ್ನೆರಡು ಎಂದು ಬಹುಮತದಿಂದ ತೀರ್ಮಾನವಾಯಿತು. ಗೌರಿ ಹಬ್ಬಕ್ಕೆ ಇಷ್ಟು ದಿನ ಮುಂಚೆ ಎಂದವರು, ಮೈದುನ ಊರಿಂದ ಬಂದ ಮೇಲೆ ಎಂದವರು, ಎಲ್ಲರನ್ನೂ ಬಾಬಾಜಾನ್ ಹಿಡಿದು ಕೇಳಿದ. ಸೊಸೈಟಿಯ ಗೋಡೆಯ ಕ್ಯಾಲೆಂಡರಿಗೆ ಬೆರಳಿಟ್ಟು, ಅವರ ಬಾಯಿಂದ ಎರಡೆರಡು ಸಲ ಹೇಳಿಸಿ, ರಹೀಮ್ ಮಾಡಿಕೊಟ್ಟಂತೆ ದಿನ ಮೊದಲು, ತಿಂಗಳು ಆಮೇಲೆ ಎಂದು ಒಂದೊಂದಾಗಿ ಒತ್ತಿದ. ಎರಡು ಗಂಟೆ ಹಿಡಿಯಿತು. ಮುಗಿಸಿದಾಗ ಹತ್ತೊಂಬತ್ತು ಹೆಸರೂ ಅವರವರ ದಿನದಲ್ಲಿ ನೆಟ್ಟಗೆ ಕುಳಿತಿದ್ದವು. ಹನ್ನೊಂದು ವರ್ಷದಲ್ಲಿ ತಾನು ಇಷ್ಟು ಚೊಕ್ಕವಾಗಿ ಒಂದು ಕೆಲಸ ಮಾಡಿದ್ದು ಅವನಿಗೆ ನೆನಪಿರಲಿಲ್ಲ.

ಸಂಜೆ ಆರಕ್ಕೆ ಯಜಮಾನರ ವರಾಂಡಕ್ಕೆ ಬಂದ. ಬಸ್ಸು ತಡೆದ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಮುನಿನಾರಾಯಣಪ್ಪನವರ ಮುಖ ಗಂಟಿಕ್ಕಿತ್ತು.

"ಹುಳ ಎಷ್ಟು ಸತ್ವು?"

"ಒಂದೂ ಇಲ್ಲ ಯಜಮಾನ್ರೇ. ಎಲ್ಲ ಮೇಯ್ತಾ ಅವೆ."

ನಡೆದದ್ದನ್ನೆಲ್ಲ ಅವನು ಮುಚ್ಚಿಡದೆ ಹೇಳಿದ. ಹೇಳಿ ಮಿಷಿನ್ನನ್ನು ಮುಂದಿಟ್ಟ. "ತಪ್ಪಾಗಿತ್ತು, ನಿಜ. ಈಗ ಎಲ್ಲ ತಾರೀಖೂ ಸರಿ ಮಾಡಿದೀನಿ. ಇನ್ನೊಂದು ದಿನ ತಪ್ಪಿದ್ರೆ ನೀವು ಹೇಳೋದು ಬೇಡ, ನಾನೇ ಗೇಟಿನಾಚೆ ಹೋಗ್ತೀನಿ."

ಯಜಮಾನರು ಒಳಗೆ ತಿರುಗಿ ಕರೆದರು. "ಅನಸೂಯಾ, ಬಾಮ್ಮ ಇಲ್ಲಿ. ಇದನ್ನ ಒಂದ್ಸಲ ನೋಡು."

ಮಗನನ್ನು ಮದುವೆಯಾಗಿ ಆ ಮನೆಗೆ ಬಂದು ಎರಡು ವರ್ಷವಾಗಿದ್ದ ಸೊಸೆ ಅನಸೂಯಾ ಕೈ ಒರೆಸಿಕೊಳ್ಳುತ್ತ ಬಂದಳು. ಚಿಂತಾಮಣಿಯಲ್ಲಿ ಪಿಯುಸಿ ಓದಿದವಳು. ಟಕಟಕನೆ ಗುಂಡಿ ಒತ್ತಿ ಹತ್ತೊಂಬತ್ತು ಹೆಸರನ್ನೂ ತಾರೀಖಿನ ಸಮೇತ ಓದಿದಳು. "ಎಷ್ಟು ನೀಟಾಗಿದೆ ಮಾವ! ಈಗ ನೋಡ್ತಿದ್ದಂಗೇ ಗೊತ್ತಾಗುತ್ತೆ."

ಬಾಬಾಜಾನನ ಎದೆ ಉಬ್ಬಿತು. ಗುಲ್ಷನ್‌ಗೆ ಇದನ್ನು ಹೇಗೆ ಹೇಳಬೇಕೆಂದು ಆಗಲೇ ಮಾತು ಜೋಡಿಸಿಕೊಳ್ಳುತ್ತಿದ್ದ.

"ಭೇಷ್ ಕಣಯ್ಯ ಬಾಬಾಜಾನ್," ಎಂದರು ಯಜಮಾನರು. "ನೋಡು, ಮುಚ್ಚಿಡೋದೇನು. ಈ ಮಿಷಿನ್ ಬಂದಾಗ್ಲೇ ಲೆಕ್ಕಪತ್ರದ ಕೆಲಸ ಅನಸೂಯಾಗೆ ಒಪ್ಪಿಸಣ ಅಂತಿದ್ದೆ. ಮನೇಲೇ ಇದಾಳೆ, ಓದಿದಾಳೆ. ಅವಳು ಇದನ್ನ ನೋಡಿ, 'ಮಾವ, ಇದರಾಗಿನ ತಾರೀಖು ಬಾಬಾಜಾನಣ್ಣನ್ನ ಬಿಟ್ರೆ ದೇವರಿಗೂ ಅರ್ಥ ಆಗಲ್ಲ, ನನ್ನ ಕೈಲಾಗಲ್ಲ' ಅಂದ್ಲು. ಹಳೇ ನೋಟ್‌ಬುಕ್ಕಿನ ಕತೇನೂ ಅದೇ. ನೀನಿಲ್ದೆ ನಡೆಯಲ್ಲ ಅಂತ ಸುಮ್ಮನಿದ್ದೆ. ಈಗ ನೀನೇ ದಾರಿ ಮಾಡ್ಕೊಟ್ಟೆ."

"ಯಜಮಾನ್ರೇ, ತಾರೀಖು ತಪ್ಪಿದ್ರೆ ತಾನೇ ಬಿಡಿಸ್ತೀನಿ ಅಂದಿದ್ದು?"

"ತಪ್ಪಿದ್ರೆ ಕೋಪದಾಗೆ ಬಿಡಿಸ್ತಿದ್ದೆ, ನಿಜ. ನಾಲ್ಕು ದಿನಕ್ಕೆ ಏನೂ ಅರ್ಥ ಆಗದೆ ನಾನೇ ನಿಮ್ಮನೆ ಬಾಗಿಲಿಗೆ ಬಂದು ಕರೀತಿದ್ದೆ. ಈಗ ನಿನ್ನ ಮೇಲೆ ನನಗೆ ಒಂಚೂರೂ ಕೋಪ ಇಲ್ಲ ಕಣಯ್ಯ. ಮೂವತ್ತೊಂದನೇ ತಾರೀಖಿಗೆ ಬಿಡಿಸ್ತಾ ಇದೀನಿ. ಅನಸೂಯಾ, ಅದನ್ನೂ ಅದರಾಗೇ ಹಾಕಮ್ಮ, ಮರೆತು ಹೋದೀತು."

ಅನಸೂಯಾ ತಲೆ ತಗ್ಗಿಸಿ ಗುಂಡಿ ಒತ್ತತೊಡಗಿದಳು. ಅರ್ಧಕ್ಕೆ ನಿಲ್ಲಿಸಿ, ಸಂಕೋಚದಿಂದ ಮುಖವೆತ್ತಿದಳು.

"ಬಾಬಾಜಾನಣ್ಣ, ಮೊದಲು ದಿನಾನಾ, ತಿಂಗಳಾ?"

"ದಿನ ಕಣಮ್ಮ, ಆಮೇಲೆ ತಿಂಗಳು," ಎಂದು ಬಾಬಾಜಾನ್ ಬಗ್ಗಿ ಅವಳಿಗೆ ಗುಂಡಿ ತೋರಿಸಿಕೊಟ್ಟ.